ತಡರಾತ್ರಿಯವರ ಮನಸ್ಸು: ನಿದ್ದೆಯ ಹೊತ್ತು, ಖಿನ್ನತೆ ಮತ್ತು ಭಾವನೆಗಳ ಅರಿವು

ತಡವಾಗಿ ಮಲಗಿ ತಡವಾಗಿ ಏಳುವವರನ್ನು ಶಿಸ್ತಿಲ್ಲದವರೆಂದೋ ಸೋಮಾರಿಗಳೆಂದೋ ಬೈಯುವುದು ನಮ್ಮ ಮನೆಗಳಲ್ಲಿ ಹಳೆಯ ರೂಢಿ. ಬೆಳಗಿನ ಜಾವ ಎದ್ದು ಓದಿದವರಿಗೇ ವಿದ್ಯೆ ಹತ್ತುತ್ತದೆ, ಸೂರ್ಯ ಹುಟ್ಟುವ ಮೊದಲೇ ಬಾಗಿಲಿಗೆ ನೀರು ಬಿದ್ದಿರಬೇಕು ಎಂಬಂಥ ಮಾತುಗಳನ್ನು ಕೇಳದೆ ಬೆಳೆದವರು ಕಡಿಮೆ. ಆದರೆ ನಿದ್ದೆಯ ಸಂಶೋಧಕರು ಇತ್ತೀಚಿನ ವರ್ಷಗಳಲ್ಲಿ ಈ ಜನರ ಬಗ್ಗೆ ಕೇಳುತ್ತಿರುವ ಪ್ರಶ್ನೆ ಶಿಸ್ತಿನದಲ್ಲ, ಮನಸ್ಸಿನದು. ಸಹಜವಾಗಿಯೇ ತಡರಾತ್ರಿಯ ಕಡೆಗೆ ವಾಲುವವರಲ್ಲಿ ಖಿನ್ನತೆ ಮತ್ತು ಆತಂಕದ ಲಕ್ಷಣಗಳು ಹೆಚ್ಚು ಎಂಬುದು ಹಲವು ದೇಶಗಳ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ಏಕೆ ಹೀಗೆ ಎಂಬುದಕ್ಕೆ ಸಿಗುತ್ತಿರುವ ಉತ್ತರಗಳಲ್ಲಿ ನನಗೆ ಬಹಳ ಮುಖ್ಯವೆನಿಸುವುದು, ತನ್ನೊಳಗೆ ಏನಾಗುತ್ತಿದೆ ಎಂದು ಮನುಷ್ಯ ಗುರುತಿಸಿಕೊಳ್ಳುವ ಶಕ್ತಿಗೆ ಸಂಬಂಧಿಸಿದ್ದು. ಒಂದಷ್ಟು ಜನ ಅಮೆರಿಕದ ಹಗಲಿಗೆ ತಕ್ಕಂತೆ ದುಡಿಯುವ, ಟ್ರಾಫಿಕ್ಕಿಗೆ ಹೆದರಿ ಮತ್ತಷ್ಟು ಜನ ಬೆಳಕು ಹರಿಯುವ ಮೊದಲೇ ಮನೆ ಬಿಡುವ ಬೆಂಗಳೂರಿನಲ್ಲಿ ಈ ಪ್ರಶ್ನೆ ದೂರದ್ದಲ್ಲ.

ಮೊದಲು ದೇಹದ ಮಾತು. ಮೆದುಳಿನ ಹೈಪೋಥಲಾಮಸ್‌ನಲ್ಲಿರುವ, ಸುಮಾರು 20,000 ನರಕೋಶಗಳ ಒಂದು ಪುಟ್ಟ ಗುಂಪು ನಮ್ಮ ದಿನದ ಲಯವನ್ನು ನಡೆಸುತ್ತದೆ. ಈ ಜೈವಿಕ ಗಡಿಯಾರದ ಒಂದು ಸುತ್ತು ಸರಾಸರಿ 24 ಗಂಟೆಗಿಂತ ಸ್ವಲ್ಪವೇ ಹೆಚ್ಚು, ಹಾಗಾಗಿ ಬೆಳಗಿನ ಬೆಳಕು ಅದನ್ನು ದಿನವೂ ಒಂದಿಷ್ಟು ಹಿಂದಕ್ಕೆಳೆದು ಸರಿಪಡಿಸಬೇಕಾಗುತ್ತದೆ. ಸುತ್ತು ಇನ್ನೂ ಉದ್ದವಾಗಿರುವವರಿಗೆ ನಿದ್ದೆ ತಡವಾಗಿ ಬರುತ್ತದೆ. ಮೆಲಟೋನಿನ್ ಎಂಬ ಹಾರ್ಮೋನು ರಾತ್ರಿ ಏರುವುದು ತಡ, ಬೆಳಿಗ್ಗೆ ಇಳಿಯುವುದೂ ತಡ. ಈ ಒಲವಿಗೆ ಕ್ರೋನೋಟೈಪ್ ಎಂದು ಹೆಸರು. ಅವಳಿಗಳ ಮೇಲಿನ ಅಧ್ಯಯನಗಳ ಪ್ರಕಾರ ಅದರಲ್ಲಿನ ವ್ಯತ್ಯಾಸದ ಅರ್ಧದಷ್ಟು ಅನುವಂಶೀಯ. 2019ರಲ್ಲಿ ಸುಮಾರು 7 ಲಕ್ಷ ಜನರ ವಂಶವಾಹಿ ಮಾಹಿತಿಯನ್ನು ಪರಿಶೀಲಿಸಿದ ಅಧ್ಯಯನವೊಂದು, ಬೆಳಗಿನವರಾಗುವುದಕ್ಕೂ ರಾತ್ರಿಯವರಾಗುವುದಕ್ಕೂ ಸಂಬಂಧವಿರುವ 351 ವಂಶವಾಹಿ ತಾಣಗಳನ್ನು ಗುರುತಿಸಿತು.

ಈ ವಿಷಯದಲ್ಲಿ ನಮ್ಮ ಊರಿನದೇ ಒಂದು ಕೊಡುಗೆ ಇದೆ, ಅದನ್ನು ಬಲ್ಲ ಬೆಂಗಳೂರಿಗರು ಕಡಿಮೆ ಎಂಬುದು ನನಗೆ ಬೇಸರದ ಸಂಗತಿ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ವಿಜಯ್ ಕುಮಾರ್ ಶರ್ಮ ಅವರ ತಂಡ ಹಣ್ಣಿನ ನೊಣಗಳ ಮೇಲೆ ದೀರ್ಘಕಾಲದ ಪ್ರಯೋಗ ನಡೆಸಿತು. ಕೋಶದಿಂದ ಬೆಳಗಿನ ಹೊತ್ತು ಹೊರಬರುವ ನೊಣಗಳನ್ನೂ ಸಂಜೆ ಹೊರಬರುವ ನೊಣಗಳನ್ನೂ ಬೇರ್ಪಡಿಸಿ, ತಲೆಮಾರಿನಿಂದ ತಲೆಮಾರಿಗೆ ಹಾಗೆಯೇ ಆರಿಸುತ್ತ ಹೋದಾಗ, ಬೆಳಗಿನ ವಂಶದ ಗಡಿಯಾರದ ಸುತ್ತು ಚಿಕ್ಕದಾಯಿತು, ಸಂಜೆಯ ವಂಶದ್ದು ಉದ್ದವಾಯಿತು. ನೊಣಕ್ಕೆ ಶಿಸ್ತು ಕಲಿಸುವ ತಾಯಿತಂದೆಯರಿಲ್ಲ, ಮೊಬೈಲೂ ಇಲ್ಲ. ಹೊತ್ತಿನ ಒಲವು ರಕ್ತದಲ್ಲಿಯೇ ಹರಿದು ಬರಬಲ್ಲದು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ.

ವಯಸ್ಸೂ ಕೈಜೋಡಿಸುತ್ತದೆ. ಹದಿಹರೆಯಕ್ಕೆ ಕಾಲಿಟ್ಟ ಮೇಲೆ ಗಡಿಯಾರ ವರ್ಷದಿಂದ ವರ್ಷಕ್ಕೆ ತಡವಾಗುತ್ತ ಹೋಗಿ, ಇಪ್ಪತ್ತರ ಆಸುಪಾಸಿನಲ್ಲಿ ಅತಿ ತಡಕ್ಕೆ ಮುಟ್ಟಿ, ಆಮೇಲೆ ನಿಧಾನವಾಗಿ ಹಿಂದಕ್ಕೆ ಸರಿಯುತ್ತದೆ. ಅಜ್ಜ ನಾಲ್ಕಕ್ಕೇ ಎದ್ದು ಕೂರುವುದೂ ಮೊಮ್ಮಗ ಎಂಟಾದರೂ ಏಳದಿರುವುದೂ ಒಂದೇ ಜೈವಿಕ ನಿಯಮದ ಎರಡು ತುದಿಗಳು.

ಈಗ ಮನಸ್ಸಿನ ಲೆಕ್ಕ. ಬ್ರಿಟನ್ನಿನ 4.3 ಲಕ್ಷಕ್ಕೂ ಹೆಚ್ಚು ವಯಸ್ಕರ ಮಾಹಿತಿಯನ್ನು ಆಧರಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಾವು ಖಂಡಿತವಾಗಿಯೂ ರಾತ್ರಿಯವರು ಎಂದುಕೊಂಡವರಲ್ಲಿ ಮಾನಸಿಕ ತೊಂದರೆ ಇರುವ ಸಾಧ್ಯತೆ ಖಂಡಿತ ಬೆಳಗಿನವರಿಗಿಂತ ಸುಮಾರು ಎರಡು ಪಟ್ಟು ಇತ್ತು. ಅದೇ ವರ್ಷ ಅಮೆರಿಕದ 32,000ಕ್ಕೂ ಹೆಚ್ಚು ನರ್ಸುಗಳ ಅಧ್ಯಯನವೊಂದು, ನಡುವಿನ ಒಲವಿನವರಿಗೆ ಹೋಲಿಸಿದರೆ ಬೆಳಗಿನವರು ಮುಂದಿನ ವರ್ಷಗಳಲ್ಲಿ ಖಿನ್ನತೆಗೆ ಒಳಗಾಗುವ ಅಪಾಯ ಶೇ. 12ರಷ್ಟು ಕಡಿಮೆ ಎಂದಿತು. ಖಿನ್ನತೆ ಇದ್ದುದರಿಂದ ನಿದ್ದೆ ತಡವಾಯಿತೋ, ನಿದ್ದೆ ತಡವಾದುದರಿಂದ ಖಿನ್ನತೆ ಬಂತೋ ಎಂಬ ಸಂಶಯ ಇಲ್ಲಿ ಸಹಜ. ಅದನ್ನು ಬಿಡಿಸಲು 2021ರಲ್ಲಿ ಸಂಶೋಧಕರು 8 ಲಕ್ಷಕ್ಕೂ ಹೆಚ್ಚು ಜನರ ವಂಶವಾಹಿ ಮಾಹಿತಿಯನ್ನೇ ಬಳಸಿದರು. ಹುಟ್ಟಿನಿಂದಲೇ ಬಂದ ವಂಶವಾಹಿಯನ್ನು ಆಮೇಲೆ ಬಂದ ಖಿನ್ನತೆ ಬದಲಿಸಲಾರದು ಎಂಬುದು ಆ ವಿಧಾನದ ಆಧಾರ. ನಿದ್ದೆಯ ನಡುಬಿಂದು, ಅಂದರೆ ಮಲಗಿದ ಹೊತ್ತಿಗೂ ಎದ್ದ ಹೊತ್ತಿಗೂ ಸರಿಯಾಗಿ ನಡುವಿನ ಹೊತ್ತು, ಒಂದು ಗಂಟೆ ಮೊದಲಾದರೆ ತೀವ್ರ ಖಿನ್ನತೆಯ ಅಪಾಯ ಶೇ. 23ರಷ್ಟು ಕಡಿಮೆಯಾಗಿರುತ್ತದೆ ಎಂಬುದು ಅವರು ಕಂಡ ಫಲಿತಾಂಶ. ಇದೆಲ್ಲ ಗುಂಪಿನ ಸರಾಸರಿ. ರಾತ್ರಿ ಒಂದಕ್ಕೆ ಮಲಗಿ ನೆಮ್ಮದಿಯಾಗಿರುವವರು ಬೇಕಾದಷ್ಟು ಜನರಿದ್ದಾರೆ, ಅವರ ಮೇಲೆ ಈ ಅಂಕಿಗಳನ್ನು ಹೇರಬಾರದು.

ಕಾರಣಗಳಲ್ಲಿ ಎಲ್ಲರೂ ಮೊದಲು ಹೇಳುವುದು ಹೊಂದಾಣಿಕೆಯ ಕೊರತೆ. ಜರ್ಮನಿಯ ಟಿಲ್ ರೋನೆಬರ್ಗ್ ಮತ್ತು ಸಂಗಡಿಗರು 2006ರಲ್ಲಿ ಇದಕ್ಕೆ ಸೋಷಿಯಲ್ ಜೆಟ್‌ಲ್ಯಾಗ್ ಎಂಬ ಹೆಸರಿಟ್ಟರು. ಕೆಲಸದ ದಿನದ ನಿದ್ದೆಯ ನಡುಬಿಂದುವಿಗೂ ರಜೆಯ ದಿನದ್ದಕ್ಕೂ ಇರುವ ಅಂತರವೇ ಅದರ ಅಳತೆ. ವಾರದ ದಿನಗಳಲ್ಲಿ ಹನ್ನೆರಡಕ್ಕೆ ಮಲಗಿ ಆರಕ್ಕೆ ಏಳುವವಳು ಭಾನುವಾರ ಎರಡರಿಂದ ಹತ್ತರವರೆಗೆ ಮಲಗಿದರೆ, ನಡುಬಿಂದು ಮೂರರಿಂದ ಆರಕ್ಕೆ ಸರಿಯಿತು. ಅಂದರೆ ಬೆಂಗಳೂರು ಬಿಟ್ಟು ಎಲ್ಲಿಗೂ ಹೋಗದೆ ಅವಳ ದೇಹ ವಾರಕ್ಕೊಮ್ಮೆ ಮೂರು ಗಂಟೆ ದೂರದ ದೇಶಕ್ಕೆ ಹೋಗಿ ಬರುತ್ತದೆ.

ಇದು ಮನಸ್ಸಿನ ಮೇಲೆ ಹೇಗೆ ಬೀಳುತ್ತದೆ ಎಂಬುದನ್ನು ವಿಜಯನಗರದಲ್ಲಿ ನನಗೆ ಪರಿಚಯವಿರುವ ಮನೆಯೊಂದರಲ್ಲಿ ನೋಡಿದ್ದೇನೆ. ಹುಡುಗ ಎರಡನೇ ಪಿಯು. ರಾತ್ರಿ ಒಂದರವರೆಗೆ ಅವನಿಗೆ ನಿದ್ದೆ ಹತ್ತುವುದಿಲ್ಲ, ಬೆಳಿಗ್ಗೆ ಆರೂವರೆಗೆ ಸಿಇಟಿ ಟ್ಯೂಷನ್. ಐದೂವರೆಯಿಂದಲೇ ಅವನ ಅಮ್ಮ ಅಡುಗೆಮನೆಯಿಂದ ಕೂಗಲು ಶುರುಮಾಡುತ್ತಾರೆ: "ಏಳೋ, ಇವತ್ತೂ ಲೇಟಾಗುತ್ತೆ." ಕಂಬಳಿಯ ಒಳಗಿಂದ ಉತ್ತರ: "ಎದ್ದೆ ಅಂದ್ನಲ್ಲಮ್ಮ, ಸುಮ್ನಿರು." ಉಪ್ಪಿಟ್ಟಿನ ತಟ್ಟೆಯನ್ನು ಅರ್ಧಕ್ಕೇ ಬಿಟ್ಟು, ಬ್ಯಾಗು ಹೆಗಲಿಗೇರಿಸಿ, ಬಾಗಿಲು ಬಡಿದು ಹೋಗುವ ಅವನು ಸಂಜೆ ಬಂದಾಗ ಮುಖ ಬಾಡಿರುತ್ತದೆ. "ಏನಾಯ್ತೋ, ಯಾಕ್ ಹೀಗಿದೀಯ?" ಎಂದು ಅಮ್ಮ ಕೇಳಿದರೆ "ಏನಿಲ್ಲ ಬಿಡಮ್ಮ" ಎನ್ನುತ್ತಾನೆ. ಮಗ ಏನೋ ಮುಚ್ಚಿಡುತ್ತಿದ್ದಾನೆ ಎಂದು ಅವರ ಚಿಂತೆ. ಆದರೆ ಅವನು ಮುಚ್ಚಿಡುತ್ತಿಲ್ಲ ಎಂದೇ ನನ್ನ ಅನಿಸಿಕೆ. ತನಗೆ ಏನಾಗಿದೆ ಎಂಬುದು, ಅಂದರೆ ಸಿಟ್ಟೋ ಭಯವೋ ಅವಮಾನವೋ ಬರೀ ದಣಿವೋ ಎಂಬುದು, ಅವನಿಗೂ ಆ ಹೊತ್ತಿಗೆ ಗೊತ್ತಿರುವುದಿಲ್ಲ.

ಮನಶ್ಶಾಸ್ತ್ರದಲ್ಲಿ ಈ ಗೊತ್ತಿಲ್ಲದಿರುವಿಕೆಗೆ ಐವತ್ತು ವರ್ಷಗಳ ಇತಿಹಾಸವಿದೆ. ತನ್ನ ಭಾವನೆಗಳನ್ನು ಗುರುತಿಸಲಾಗದ, ಗುರುತಿಸಿದರೂ ಬಣ್ಣಿಸಲಾಗದ ಸ್ಥಿತಿಯನ್ನು ಮನೋವೈದ್ಯ ಪೀಟರ್ ಸಿಫ್ನಿಯೋಸ್ 1970ರ ದಶಕದ ಆರಂಭದಲ್ಲಿ ಅಲೆಕ್ಸಿಥೈಮಿಯಾ ಎಂದು ಕರೆದರು. ಅದು ರೋಗವಲ್ಲ, ಎಲ್ಲರಲ್ಲೂ ಹೆಚ್ಚುಕಡಿಮೆ ಇರುವ ಒಂದು ಗುಣ. ಅದನ್ನು ಅಳೆಯಲು ಹೆಚ್ಚಾಗಿ ಬಳಸುವ 20 ಪ್ರಶ್ನೆಗಳ ಟೊರಾಂಟೊ ಮಾಪಕ ಮೂರು ಸಂಗತಿಗಳನ್ನು ನೋಡುತ್ತದೆ: ಭಾವನೆಯನ್ನು ಗುರುತಿಸುವ ಕಷ್ಟ, ಅದನ್ನು ಹೇಳಿಕೊಳ್ಳುವ ಕಷ್ಟ, ಮತ್ತು ಒಳಗಿನದನ್ನು ಬಿಟ್ಟು ಹೊರಗಿನ ವಿವರಗಳಲ್ಲಿಯೇ ಯೋಚನೆ ಸುತ್ತುವ ಅಭ್ಯಾಸ. ನಿದ್ದೆ ಕೆಟ್ಟವರಲ್ಲಿ ಈ ಅಂಕ ಹೆಚ್ಚಿರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಅದರಲ್ಲಿ ಒಂದು ಪಾಲು ಖಿನ್ನತೆಯದೇ ನೆರಳು ಎಂಬುದನ್ನೂ ಮರೆಯಬಾರದು.

ರಾತ್ರಿಯ ಒಲವಿಗೂ ಈ ಅರಿವಿಗೂ ನಡುವಿನ ಕೊಂಡಿಯನ್ನು ನೇರವಾಗಿ ಹುಡುಕಿದ್ದು ಇಂಗ್ಲೆಂಡಿನ ಸರೆ ವಿಶ್ವವಿದ್ಯಾಲಯದ ಅಧ್ಯಯನ. 546 ವಿದ್ಯಾರ್ಥಿಗಳ ಉತ್ತರಗಳನ್ನು ಆಧರಿಸಿ 2025ರಲ್ಲಿ ಪ್ರಕಟವಾದ ಅದರಲ್ಲಿ, ರಾತ್ರಿಯವರಲ್ಲಿ ಖಿನ್ನತೆಯ ಲಕ್ಷಣಗಳು ಹೆಚ್ಚಿದ್ದವು. ಆ ಸಂಬಂಧದ ನಡುವೆ ಇದ್ದದ್ದು ಮೂರು ಅಂಶಗಳು: ಕಳಪೆ ನಿದ್ದೆ, ಮದ್ಯಪಾನ, ಮತ್ತು ಮಾಡುತ್ತಿರುವುದನ್ನು ಅರಿವಿನಿಂದ ಮಾಡುವ ಗುಣದ ಕೊರತೆ. ಕಡೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಊಟ ಮಾಡುವಾಗ ಊಟದಲ್ಲಿ, ಮಾತಾಡುವಾಗ ಮಾತಿನಲ್ಲಿ ಗಮನವಿರುವುದು, ಮೈ ತಾನಾಗಿ ನಡೆಯುತ್ತ ಮನಸ್ಸು ಇನ್ನೆಲ್ಲೋ ಇಲ್ಲದಿರುವುದು, ಇಷ್ಟೇ ಅದರ ಅರ್ಥ. ಒಮ್ಮೆ ಮಾತ್ರ ಪ್ರಶ್ನಾವಳಿ ತುಂಬಿಸಿಕೊಂಡ ಅಧ್ಯಯನ ಇದಾದ್ದರಿಂದ ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಅದು ಸಾಬೀತು ಮಾಡುವುದಿಲ್ಲ. ಆದರೂ ಅದು ತೋರಿಸುವ ದಿಕ್ಕು ನನಗೆ ಮಹತ್ವದ್ದಾಗಿ ಕಾಣುತ್ತದೆ, ಏಕೆಂದರೆ ವಂಶವಾಹಿಯನ್ನು ಬದಲಿಸಲಾಗದಿದ್ದರೂ ಗಮನವನ್ನು ಪಳಗಿಸಬಹುದು. ಇದಕ್ಕೂ ಮೊದಲು, 2017ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ ಭಾವನೆಗಳನ್ನು ನಿಭಾಯಿಸುವ ರೀತಿಯಲ್ಲೇ ವ್ಯತ್ಯಾಸ ಕಂಡಿತ್ತು. ನಡೆದದ್ದನ್ನು ಬೇರೊಂದು ದೃಷ್ಟಿಯಿಂದ ನೋಡಿ ಮನಸ್ಸನ್ನು ಹಗುರ ಮಾಡಿಕೊಳ್ಳುವುದು ರಾತ್ರಿಯವರಲ್ಲಿ ಕಡಿಮೆ, ಒಳಗೇ ಅದುಮಿಡುವುದು ಹೆಚ್ಚು.

ಮೆದುಳಿನ ಮಟ್ಟದಲ್ಲಿ ಇದಕ್ಕೆ ಒಪ್ಪುವಂಥ ವಿವರಣೆಯಿದೆ. ಕನಸುಗಳಿಂದ ತುಂಬಿದ ರೆಮ್ ನಿದ್ದೆಗೂ ಭಾವನಾತ್ಮಕ ನೆನಪುಗಳು ಹದಗೊಳ್ಳುವುದಕ್ಕೂ ಸಂಬಂಧವಿದೆ ಎಂದು ಸಂಶೋಧಕರು ನಂಬುತ್ತಾರೆ. ಆ ನಿದ್ದೆಯ ಹೆಚ್ಚಿನ ಪಾಲು ಬರುವುದು ರಾತ್ರಿಯ ಕಡೆಯ ಭಾಗದಲ್ಲಿ. ಒಂದಕ್ಕೆ ಮಲಗಿ ಐದೂವರೆಗೆ ಅಲಾರಮ್ಮಿಗೆ ಏಳುವವನು ಕಳೆದುಕೊಳ್ಳುವುದು ಮುಖ್ಯವಾಗಿ ಆ ಪಾಲನ್ನೇ. 2007ರ ಒಂದು ಪ್ರಯೋಗದಲ್ಲಿ, ಸುಮಾರು 35 ಗಂಟೆ ನಿದ್ದೆಗೆಟ್ಟವರಿಗೆ ಮನ ಕಲಕುವ ಚಿತ್ರಗಳನ್ನು ತೋರಿಸಿದಾಗ, ಭಯ ಮತ್ತು ಸಿಟ್ಟಿಗೆ ಸ್ಪಂದಿಸುವ ಅಮಿಗ್ಡಲಾದ ಚಟುವಟಿಕೆ ನಿದ್ದೆ ಮಾಡಿದವರಿಗಿಂತ ಶೇ. 60ರಷ್ಟು ಹೆಚ್ಚಾಗಿತ್ತು. ಅದನ್ನು ಹತೋಟಿಯಲ್ಲಿಡಬೇಕಾದ, ಹಣೆಯ ಹಿಂದಿನ ಪ್ರಿಫ್ರಾಂಟಲ್ ಭಾಗದೊಂದಿಗಿನ ಅದರ ಸಂಪರ್ಕ ಸಡಿಲಗೊಂಡಿತ್ತು. ದಿನವೂ ಎರಡು ಗಂಟೆ ಕಳೆದುಕೊಳ್ಳುವುದು ಒಂದೂವರೆ ದಿನ ಎಚ್ಚರವಿರುವುದಕ್ಕೆ ಸಮವಲ್ಲ, ನಿಜ. ಆದರೆ ಭಾವನೆ ಜೋರಾಗಿ ಏಳುತ್ತದೆ, ಅದನ್ನು ನಿಂತು ನೋಡುವ ಭಾಗ ಮಂಕಾಗಿರುತ್ತದೆ ಎಂಬ ಚಿತ್ರ ಆ ಹುಡುಗ ಬಾಗಿಲು ಬಡಿದು ಹೋಗುವುದಕ್ಕೂ, ಸಂಜೆ "ಏನಿಲ್ಲ" ಎನ್ನುವುದಕ್ಕೂ ಒಟ್ಟಿಗೇ ಹೊಂದುತ್ತದೆ.

ಹಾಗಾದರೆ ಕೆಲಸದ ವೇಳೆಯನ್ನು ತಡಮಾಡಿ, ಎಲ್ಲರಿಗೂ ಅವರವರ ಗಡಿಯಾರದಂತೆ ಮಲಗಲು ಬಿಟ್ಟರೆ ಸಮಸ್ಯೆ ಮುಗಿಯಿತೇ? ನಾನೂ ಹಾಗೆಯೇ ಎಂದು ಬರೆಯಲು ಇಷ್ಟಪಡುತ್ತಿದ್ದೆ, ಆದರೆ ಪುರಾವೆ ಅಷ್ಟು ಸಲೀಸಾಗಿ ಜೊತೆಗೆ ಬರುವುದಿಲ್ಲ. ಸ್ಟ್ಯಾನ್‌ಫರ್ಡ್ ಸಂಶೋಧಕರು 2024ರಲ್ಲಿ ಬ್ರಿಟನ್ನಿನ ಸುಮಾರು 74,000 ವಯಸ್ಕರ ಮಾಹಿತಿಯನ್ನು ನೋಡಿದಾಗ, ತಮ್ಮ ಒಲವಿಗೆ ತಕ್ಕಂತೆಯೇ ತಡವಾಗಿ ಮಲಗುತ್ತಿದ್ದ ರಾತ್ರಿಯವರಲ್ಲಿಯೂ ಮಾನಸಿಕ ತೊಂದರೆಗಳು ಹೆಚ್ಚಿದ್ದವು, ಬೇಗ ಮಲಗುತ್ತಿದ್ದ ರಾತ್ರಿಯವರಲ್ಲಿ ಕಡಿಮೆ ಇದ್ದವು. ಹೊಂದಾಣಿಕೆಯ ಕೊರತೆ ಒಂದೇ ಕಾರಣವಾಗಿದ್ದರೆ ಫಲಿತಾಂಶ ಇದರ ತಿರುಗುಮುರುಗಾಗಬೇಕಿತ್ತು. ನಡುರಾತ್ರಿಯ ಹೊತ್ತಿನಲ್ಲಿ ಎಚ್ಚರವಾಗಿರುವ ಮೆದುಳೇ ಬೇರೆ ರೀತಿ ಕೆಲಸ ಮಾಡುತ್ತದೆ ಎಂಬ ಊಹೆಯನ್ನು ಕೆಲವು ವಿಜ್ಞಾನಿಗಳು 2022ರಲ್ಲಿ ಮುಂದಿಟ್ಟಿದ್ದರು. ಆ ಹೊತ್ತಿನಲ್ಲಿ ಕೆಟ್ಟದ್ದರ ಕಡೆಗೆ ಗಮನ ಹೆಚ್ಚು ವಾಲುತ್ತದೆ, ತೀರ್ಮಾನಗಳು ಅವಸರದವಾಗುತ್ತವೆ, ಮಾತಾಡಿಸಿ ಸಮಾಧಾನ ಹೇಳಲು ಸುತ್ತ ಯಾರೂ ಎಚ್ಚರವಿರುವುದಿಲ್ಲ.

ನನ್ನ ವಾದ ನಿಲ್ಲುವುದು ಇಲ್ಲಿ. ಹಗಲಿಡೀ ತಮ್ಮ ಮನಸ್ಸಿನ ಕಡೆ ತಿರುಗಿ ನೋಡಲು ಬಿಡುವಿಲ್ಲದವರಿಗೆ ಅದರ ಜೊತೆ ಕೂರಲು ಸಿಗುವುದು ನಡುರಾತ್ರಿಯೊಂದೇ, ಮತ್ತು ಮನಸ್ಸನ್ನು ಸರಿಯಾಗಿ ಓದಲು ಅತ್ಯಂತ ಕೆಟ್ಟ ಹೊತ್ತು ಅದೇ. ಬೆಂಗಳೂರಿನ ಬದುಕು ದೊಡ್ಡ ಸಂಖ್ಯೆಯ ಜನರನ್ನು ಈ ಇಕ್ಕಟ್ಟಿಗೆ ತಳ್ಳುತ್ತಿದೆ. ಅವರಲ್ಲಿ ಎಲ್ಲರೂ ಹುಟ್ಟಾ ರಾತ್ರಿಯವರಲ್ಲ.

ಗೃಹಿಣಿಯರನ್ನೇ, ಅದರಲ್ಲೂ ಹೊರಗೆ ದುಡಿಯುವ ಹೆಂಗಸರನ್ನು ನೋಡಿ. ಬೆಳಿಗ್ಗೆ ಐದೂವರೆಗೆ ಎದ್ದು ತಿಂಡಿ, ಮಕ್ಕಳ ಡಬ್ಬಿ, ಅತ್ತೆಯ ಮಾತ್ರೆ, ಆಮೇಲೆ ಆಫೀಸು, ಸಂಜೆ ಮತ್ತೆ ಅಡುಗೆ, ಹೋಂವರ್ಕು. ಹತ್ತೂವರೆಗೆ ಪಾತ್ರೆ ತೊಳೆದು ಗ್ಯಾಸ್ ಕಟ್ಟೆ ಒರೆಸಿ ಅಡುಗೆಮನೆಯ ದೀಪ ಆರಿಸಿದ ಮೇಲೆ ಸಿಗುವ ಒಂದೂವರೆ ಗಂಟೆ ಮಾತ್ರ ಆಕೆಯದು. ಮೈ ಮಲಗು ಎನ್ನುತ್ತಿದ್ದರೂ ಆಕೆ ಮೊಬೈಲ್ ಹಿಡಿದು ಕೂರುತ್ತಾಳೆ. ನೋಡುವ ವಿಡಿಯೊ ಆಕೆಗೆ ಬೇಕಾದದ್ದೇ ಎಂದೇನಲ್ಲ, ಬೇಕಾಗಿರುವುದು ಯಾರೂ ಕರೆಯದ ಹೊತ್ತು. ಮನೆಯವರಿಗೆ ಇದು ಮೊಬೈಲ್ ಚಟವಾಗಿ ಕಾಣುತ್ತದೆ. ಮಲಗುವ ವೇಳೆಯನ್ನು ಆಕೆ ಹಿಂದಕ್ಕೆ ತರಬೇಕೆಂದರೆ ಮೊದಲು ಹಗಲಿನಲ್ಲಿ ಒಂದು ಗಂಟೆಯನ್ನು ಮನೆಯವರು ಆಕೆಗೆ ಬಿಟ್ಟುಕೊಡಬೇಕು. ಆ ಒಂದು ಗಂಟೆಯ ಮಾತಿಲ್ಲದೆ ನಿದ್ದೆಯ ಉಪದೇಶ ಮಾಡುವುದು ಅನ್ಯಾಯ.

ಇನ್ನು ಐಟಿ ಮತ್ತು ಕಾಲ್ ಸೆಂಟರ್ ಕೆಲಸ. ನ್ಯೂಯಾರ್ಕಿನ ಬೆಳಗಿನ ಒಂಬತ್ತು ಎಂದರೆ ಬೇಸಿಗೆಯಲ್ಲಿ ನಮ್ಮ ಸಂಜೆ ಆರೂವರೆ, ಚಳಿಗಾಲದಲ್ಲಿ ಏಳೂವರೆ. ಕ್ಯಾಲಿಫೋರ್ನಿಯಾದ ಒಂಬತ್ತು ನಮ್ಮ ರಾತ್ರಿ ಒಂಬತ್ತೂವರೆ ಅಥವಾ ಹತ್ತೂವರೆ. ಪೂರ್ತಿ ರಾತ್ರಿಪಾಳಿಯವರ ಕಷ್ಟ ಎಲ್ಲರಿಗೂ ಕಾಣುತ್ತದೆ. ಕಾಣದೇ ಹೋಗುವುದು ಹಗಲಿನ ಕೆಲಸದ ಮೇಲೆ ಹತ್ತೂವರೆಯ ಕಾಲ್ ಒಂದನ್ನು ಹೊತ್ತವರದು. ಮಾರತ್ತಹಳ್ಳಿಯ ಪಿಜಿಯೊಂದರ ಮೂರು ಜನರ ಕೋಣೆಯಲ್ಲಿ, ಉಳಿದಿಬ್ಬರು ಮಲಗಿದ್ದಾರೆಂದು ಲ್ಯಾಪ್‌ಟಾಪ್ ಎತ್ತಿಕೊಂಡು ಮೆಟ್ಟಿಲ ಮೇಲೆ ಕುಳಿತು ಕಾಲ್ ಮುಗಿಸಿದ ಹುಡುಗನಿಗೆ ತಕ್ಷಣ ನಿದ್ದೆ ಬರುವುದಿಲ್ಲ. ತನ್ನ ಕೋಡಿನ ಬಗ್ಗೆ ಮ್ಯಾನೇಜರ್ ಆಡಿದ ಒಂದು ಮಾತು ಅವನ ತಲೆಯಲ್ಲಿ ಎರಡರವರೆಗೆ ಸುತ್ತುತ್ತದೆ. ಆ ಹೊತ್ತಿಗೆ ಅದು ಕೆಲಸ ಹೋಗುವ ಸೂಚನೆಯಂತೆ ಕಾಣುತ್ತದೆ, ಬೆಳಿಗ್ಗೆ ಕ್ಯಾಂಟೀನಿನಲ್ಲಿ ಕಾಫಿ ಕುಡಿಯುವಾಗ ಸಾಮಾನ್ಯ ಟೀಕೆಯಾಗಿ ಕಾಣುತ್ತದೆ. ರಾತ್ರಿ ಹನ್ನೆರಡರ ಮೇಲೆ ತನ್ನ ಬಗ್ಗೆಯಾಗಲಿ ಬೇರೆಯವರ ಬಗ್ಗೆಯಾಗಲಿ ತೀರ್ಮಾನ ಬೇಡ, ಬೇಕಾದರೆ ಒಂದು ಸಾಲು ಬರೆದಿಟ್ಟು ಬೆಳಿಗ್ಗೆ ನೋಡುವುದು ಎಂದು ನಿರ್ಧರಿಸಿಕೊಂಡರೆ ಎಷ್ಟೋ ಜಗಳಗಳೂ ರಾಜೀನಾಮೆಗಳೂ ತಪ್ಪುತ್ತವೆ ಎಂದು ನಾನು ನಂಬುತ್ತೇನೆ.

ಗಡಿಯಾರವನ್ನು ಸ್ವಲ್ಪ ಹಿಂದಕ್ಕೆ ತರುವುದು ಸಾಧ್ಯ ಎಂಬುದಕ್ಕೂ ಪುರಾವೆ ಇದೆ. 2019ರಲ್ಲಿ ಬ್ರಿಟನ್ ಮತ್ತು ಆಸ್ಟ್ರೇಲಿಯಾದ ಸಂಶೋಧಕರು, ಸರಾಸರಿ ಎರಡೂವರೆಗೆ ಮಲಗುತ್ತಿದ್ದ 22 ಜನರ ದಿನಚರಿಯನ್ನು ಮೂರು ವಾರ ಬದಲಿಸಿ ನೋಡಿದರು. ರೂಢಿಗಿಂತ ಎರಡು ಮೂರು ಗಂಟೆ ಮೊದಲೇ ಏಳುವುದು, ಎದ್ದೊಡನೆ ತಿಂಡಿ, ಬೆಳಿಗ್ಗೆ ಹೊರಗಿನ ಬೆಳಕು, ಮಧ್ಯಾಹ್ನ ಮೂರರ ಮೇಲೆ ಕಾಫಿ ಇಲ್ಲ, ನಾಲ್ಕರ ಮೇಲೆ ಹಗಲುನಿದ್ದೆ ಇಲ್ಲ, ಸಂಜೆ ಬೆಳಕು ಕಡಿಮೆ, ರಜೆಯ ದಿನವೂ ಅದೇ ವೇಳೆ. ನಿದ್ದೆಯ ಒಟ್ಟು ಅವಧಿ ಕಡಿಮೆಯಾಗದೆ ಗಡಿಯಾರ ಎರಡು ಗಂಟೆ ಹಿಂದಕ್ಕೆ ಬಂತು, ಖಿನ್ನತೆ ಮತ್ತು ಒತ್ತಡದ ಅಂಕಗಳೂ ಇಳಿದವು. ತಂಡ ಚಿಕ್ಕದು, ಆದರೂ ಖರ್ಚಿಲ್ಲದ ಉಪಾಯವಾದ್ದರಿಂದ ಪ್ರಯತ್ನಕ್ಕೆ ಯೋಗ್ಯ.

ಬೆಂಗಳೂರಿಗೆ ಇಲ್ಲಿ ಒಂದು ಅನುಕೂಲವಿದೆ. ಸಮಭಾಜಕಕ್ಕೆ ಹತ್ತಿರವಿರುವ ಈ ಊರಿನಲ್ಲಿ ವರ್ಷವಿಡೀ ಸೂರ್ಯೋದಯ ಸುಮಾರು 5:50ರಿಂದ 6:50ರ ನಡುವೆಯೇ ಆಗುತ್ತದೆ. ಮೋಡ ಕವಿದ ದಿನವೂ ಹೊರಗಿನ ಬೆಳಕು ಸಾವಿರಾರು ಲಕ್ಸ್ ಇರುತ್ತದೆ, ಆಫೀಸಿನ ದೀಪದ ಬೆಳಕು ಸಾಮಾನ್ಯವಾಗಿ ಮುನ್ನೂರರಿಂದ ಐನೂರು ಲಕ್ಸ್. ಮನೆಯ ತಾರಸಿಯಲ್ಲಿ ಅಥವಾ ಹತ್ತಿರದ ಪಾರ್ಕಿನಲ್ಲಿ ಅರ್ಧ ಗಂಟೆ ಓಡಾಡುವುದು ಜೈವಿಕ ಗಡಿಯಾರದ ಮೇಲೆ ಮಾಡುವ ಕೆಲಸವನ್ನು ಬೇಸ್‌ಮೆಂಟ್ ಪಾರ್ಕಿಂಗಿನಿಂದ ಹವಾನಿಯಂತ್ರಿತ ಮಹಡಿಗೆ ಲಿಫ್ಟಿನಲ್ಲಿ ಹೋಗುವ ಬೆಳಗು ಮಾಡಲಾರದು. ಊರಿನ ತೊಂದರೆ ಇರುವುದು ಇನ್ನೊಂದು ತುದಿಯಲ್ಲಿ, ರಾತ್ರಿ ಹತ್ತಕ್ಕೂ ಬಿಳಿಯ ಟ್ಯೂಬ್‌ಲೈಟ್ ಉರಿಯುವ ಹಾಲ್‌ನಲ್ಲಿ, ಊಟವಾದ ಮೇಲಿನ ಫಿಲ್ಟರ್ ಕಾಫಿಯಲ್ಲಿ.

ಹದಿಹರೆಯದವರ ವಿಷಯದಲ್ಲಿ ಮಾತ್ರ ಹೊಣೆಯನ್ನು ಮಕ್ಕಳ ತಲೆಗೆ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ಹದಿನೇಳರ ವಯಸ್ಸಿಗೆ ಆರೂವರೆಯ ಟ್ಯೂಷನ್ ಇಡುವುದು ದೊಡ್ಡವರ ಅನುಕೂಲ. ಅದನ್ನು ಸಂಜೆಗೆ ಸರಿಸಲು ಯಾವ ಕಾನೂನೂ ಬೇಕಿಲ್ಲ, ಪೋಷಕರು ಒಟ್ಟಾಗಿ ಕೇಳಿದರೆ ಸಾಕು.

ಕೆಲವೊಮ್ಮೆ ಇದು ಅಭ್ಯಾಸದ ಮಟ್ಟವನ್ನು ಮೀರಿರುತ್ತದೆ. ಎಷ್ಟೇ ಪ್ರಯತ್ನಿಸಿದರೂ ಮೂರರ ಮೊದಲು ನಿದ್ದೆ ಬಾರದವರಿಗೆ ನಿದ್ರಾಹಂತ ತಡವಾಗುವ ಕಾಯಿಲೆ ಇರಬಹುದು. ವೈದ್ಯರ ಸಲಹೆಯಂತೆ ಸರಿಯಾದ ಹೊತ್ತಿಗೆ ತೆಗೆದುಕೊಳ್ಳುವ ಅಲ್ಪ ಪ್ರಮಾಣದ ಮೆಲಟೋನಿನ್ ಮತ್ತು ಬೆಳಗಿನ ಬೆಳಕಿನ ಚಿಕಿತ್ಸೆ ಅವರಿಗೆ ನೆರವಾಗುತ್ತದೆ. ಮನಸ್ಸು ಉನ್ಮಾದಕ್ಕೂ ಖಿನ್ನತೆಗೂ ನಡುವೆ ಹೊಯ್ದಾಡುವ ಬೈಪೋಲಾರ್ ತೊಂದರೆ ಇರುವವರು ತಾವಾಗಿ ತೀಕ್ಷ್ಣ ಬೆಳಕಿನ ಚಿಕಿತ್ಸೆಗೆ ಹೋಗಬಾರದು, ಅದು ಉನ್ಮಾದವನ್ನು ಕೆರಳಿಸಬಹುದು. ಎರಡು ವಾರಕ್ಕೂ ಹೆಚ್ಚು ಕಾಲ ಯಾವುದರಲ್ಲೂ ಆಸಕ್ತಿಯಿಲ್ಲದೆ, ಮನಸ್ಸು ಕುಗ್ಗಿದಂತೆಯೇ ಉಳಿದರೆ, ಅದನ್ನು ನಿದ್ದೆಯ ಮೇಲೆ ಹಾಕಿ ಸುಮ್ಮನಿರದೆ ವೈದ್ಯರನ್ನು ಕಾಣಬೇಕು. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಖಿನ್ನತೆ ಇದ್ದವರ ಪೈಕಿ ಶೇ. 85ರಷ್ಟು ಜನ ಚಿಕಿತ್ಸೆಯಿಂದ ದೂರವೇ ಉಳಿದಿದ್ದರು. 2022ರಿಂದ ನಡೆಯುತ್ತಿರುವ ಟೆಲಿ-ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿಯೇ ಮಾತಾಡಬಹುದು.

ವೈದ್ಯರ ಬಳಿ ಹೋಗುವ ಮೊದಲು ಎರಡು ವಾರ ಒಂದು ಪುಸ್ತಕದಲ್ಲಿ ಮಲಗಿದ ಹೊತ್ತು, ಎದ್ದ ಹೊತ್ತು, ರಜೆಯ ದಿನದ ಹೊತ್ತು ಬರೆದಿಟ್ಟುಕೊಂಡರೆ ಅವರಿಗೂ ಉಪಯೋಗ. ಅದರ ಪಕ್ಕದಲ್ಲಿ, ರಾತ್ರಿಯಲ್ಲ, ಮಧ್ಯಾಹ್ನದ ಊಟದ ನಂತರ, ಆ ಹೊತ್ತಿಗೆ ಮನಸ್ಸಿನಲ್ಲಿ ಏನಿದೆ ಎಂಬುದನ್ನು ಎರಡು ಮೂರು ಪದಗಳಲ್ಲಿ ಬರೆಯುವುದು ಒಳ್ಳೆಯದು. ಮೊದಲ ಕೆಲವು ದಿನ ಆ ಕಾಲಂ ಖಾಲಿ ಉಳಿದರೂ, "ಏನೋ ಒಂಥರಾ" ಎಂದಷ್ಟೇ ಬರೆದಿದ್ದರೂ, ಅದನ್ನು ತಿದ್ದದೆ ಹಾಗೆಯೇ ವೈದ್ಯರಿಗೆ ತೋರಿಸಬಹುದು.